ಎರಡು ಬೆರಳು ಮೇಲೆ

ಬೆಳಗ್ಗೆ ಒಂಬತ್ತು ಗಂಟೆಗೆ ಮೇಷ್ಟ್ರು ವೆಲ್ಡಿಂಗ್ ಅಂಗಡಿಗೆ ಬಂದರು. ಸ್ಟೂಲಿನ ಮೇಲಿದ್ದ ಕಬ್ಬಿಣದ ಚೂರುಗಳನ್ನು ಛತ್ರಿಯ ತುದಿಯಿಂದ ಪಕ್ಕಕ್ಕೆ ಸರಿಸಿ ಕೂತರು. ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು.

"ಎರಡೇ ಎರಡು ಬೆರಳು ಕಣೋ. ಜಾಸ್ತಿ ಕೇಳ್ತಾ ಇಲ್ಲ ನಾನು."

"ಏನು ಸಾರ್ ಎರಡು ಬೆರಳು?"

"ನಮ್ಮ ಕೈ. ಎರಡು ಬೆರಳು ಮೇಲಕ್ಕೆ ಎತ್ತಿಬಿಡು."

ವೆಲ್ಡರ್ ಮೇಷ್ಟ್ರ ಕೈ ನೋಡಿದ. ಅದು ಛತ್ರಿಯ ಹಿಡಿಯ ಮೇಲೆ ಇರಬೇಕಾದ ಕಡೆಯೇ ಇತ್ತು.

"ಈ ಕೈ ಅಲ್ಲವೋ ದಡ್ಡ! ಆ ಕೈ!" ಎಂದು ಮೇಷ್ಟ್ರು ಛತ್ರಿಯನ್ನು ಕಾಲುವೆಯ ಕಡೆ ಚಾಚಿದರು.

ಆ ಕಾಲುವೆ ಊರನ್ನು ಸರಿಯಾಗಿ ನಡುವಿಗೆ ಸೀಳಿಕೊಂಡು ಹರಿಯುತ್ತಿತ್ತು. ಈ ದಡದಲ್ಲಿ ಶಾಲೆ, ಅಂಚೆ ಕಚೇರಿ, ಕ್ಷೌರದ ಅಂಗಡಿ, ಅದರ ಪಕ್ಕಕ್ಕೆ ಈ ವೆಲ್ಡಿಂಗ್ ಅಂಗಡಿ. ಆ ದಡದಲ್ಲಿ ಹಿಟ್ಟಿನ ಗಿರಣಿ, ಆಸ್ಪತ್ರೆ, ಬಸ್ ನಿಲ್ದಾಣ. ನಡುವೆ ಒಂದು ಕಾಲುಸೇತುವೆ ಇತ್ತು. ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಶಾಲೆಯ ಮಕ್ಕಳು ಕುಣಿಯುತ್ತ ಅದನ್ನು ದಾಟಿ ಆಚೆಯ ಬಯಲಿಗೆ ಆಟಕ್ಕೆ ಹೋದರು. ಅವರ ಬೆನ್ನಿಗೇ ಗಿರಣಿಯ ಗಾಡಿ ಮೂಟೆ ಹೇರಿಕೊಂಡು ಬಂತು. ಸೇತುವೆ ಬಿತ್ತು. "ನಿಮ್ಮ ಮೂಟೆಯಿಂದ ಬಿತ್ತು" ಎಂದರು ಈಚೆಯವರು. "ನಿಮ್ಮ ಮಕ್ಕಳ ಕುಣಿತದಿಂದ ಬಿತ್ತು" ಎಂದರು ಆಚೆಯವರು. ಆವತ್ತು ಮಾತು ನಿಂತದ್ದು ನಿಂತೇ ಹೋಯಿತು. ಆಸ್ಪತ್ರೆ ಬೇಕಾದರೆ ಈಚೆಯವರು, ಅಂಚೆ ಬೇಕಾದರೆ ಆಚೆಯವರು, ದೊಡ್ಡ ರಸ್ತೆಯ ಸೇತುವೆ ಬಳಸಿ ಮೂರು ಮೈಲಿ ನಡೆಯುತ್ತಿದ್ದರು. ನಡೆಯುವಾಗ ಎದುರಾದರೆ ಇಬ್ಬರೂ ಆಕಾಶ ನೋಡುತ್ತಿದ್ದರು.

ಹೊಸ ಸೇತುವೆ ಕೊಡಿ ಎಂದು ಎರಡೂ ದಡದವರು ಪುರಸಭೆಗೆ ಬೇರೆಬೇರೆಯಾಗಿ ಅರ್ಜಿ ಹಾಕಿದ್ದರು. ಒಂದೇ ಅರ್ಜಿ ಹೋಗಿದ್ದರೆ ಸೇತುವೆ ಬರುತ್ತಿತ್ತೋ ಏನೋ. ಎರಡು ಹೋದದ್ದರಿಂದ ಪುರಸಭೆ ಶಿಲ್ಪ ಕಳಿಸಿತು.

ಶಿಲ್ಪ ಮಾಡಿದವರು ಪರವೂರಿನ ಹೆಂಗಸು. ಕಡ್ಡಿಯಂಥ ದೇಹ, ಜೇಬಿನ ತುಂಬ ಪೆನ್ಸಿಲ್ಲು. ಎಲ್ಲರೂ ಅವರನ್ನು ಶಿಲ್ಪಿ ಮೇಡಂ ಎನ್ನುತ್ತಿದ್ದರು. ಈ ದಡದಿಂದ ಒಂದು ಕಬ್ಬಿಣದ ತೋಳು, ಆ ದಡದಿಂದ ಒಂದು ಕಬ್ಬಿಣದ ತೋಳು. ಎರಡೂ ನೀರಿನ ಮೇಲೆ ಚಾಚಿಕೊಂಡು ಬಂದು, ಹಳೆ ಸೇತುವೆಯ ಒಂಟಿ ಕಂಬದ ನೆತ್ತಿಗೆ ಸ್ವಲ್ಪ ಮೇಲೆ ಒಂದು ದೊಡ್ಡ ತಾಮ್ರದ ಕೊಡವನ್ನು ಹಿಡಿದುಕೊಂಡಿದ್ದವು. ಯಾರು ಕೊಡುತ್ತಿದ್ದಾರೆ, ಯಾರು ತೆಗೆದುಕೊಳ್ಳುತ್ತಿದ್ದಾರೆ ಎಂದು ಹೇಳಲು ಆಗಬಾರದು, ಅದೇ ಇದರ ಅರ್ಥ ಎಂದು ಶಿಲ್ಪಿ ಮೇಡಂ ಹೇಳಿದ್ದರು. ಅರ್ಥ ಯಾರಿಗೂ ಬೇಕಿರಲಿಲ್ಲ. ಕೊಡುವ ಕೈ ಯಾರದು ಎಂಬುದಷ್ಟೇ ಬೇಕಿತ್ತು.

"ಕೊಡೋ ಕೈ ಯಾವತ್ತೂ ಮೇಲಿರುತ್ತೆ. ಇಸ್ಕೊಳ್ಳೋ ಕೈ ಕೆಳಗಿರುತ್ತೆ. ಇದು ಲೋಕಕ್ಕೇ ಗೊತ್ತು," ಎಂದರು ಮೇಷ್ಟ್ರು. "ಸಂಜೆ ಉದ್ಘಾಟನೆಗೆ ದೊಡ್ಡ ಸಾಹೇಬರು ಬಂದು ಪರದೆ ಎಳೆದಾಗ ನಮ್ಮ ಕೈ ಎರಡು ಬೆರಳು ಮೇಲಿದ್ದರೆ ಸಾಕು. ನಿನಗೆ ಮಗ್ಗಿ ಕಲಿಸಿದ್ದು ಯಾರು?"

"ನೀವೇ ಸಾರ್."

"ಮತ್ತೆ?"

"ಆಯ್ತು ಸಾರ್."

ಇದೇ ಅವನ ಕಾಯಿಲೆ. 'ಇಲ್ಲ' ಎನ್ನುವ ಮಾತು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಲ್ಲುತ್ತಿತ್ತು. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು, ಊರಿಗೆ ಅದು ಮರೆತುಹೋಗಿತ್ತು. ಎಲ್ಲರೂ ಕರೆಯುತ್ತಿದ್ದದ್ದು ಆಯ್ತಪ್ಪ ಎಂದು.

ಮೇಷ್ಟ್ರು ಹೋಗಿ ಕಾಲು ಗಂಟೆ ಆಗಿರಲಿಲ್ಲ, ಫೋನು ಬಂತು. ಆಚೆ ದಡದಿಂದ ಅತ್ತೆ. ಗಿರಣಿಯ ಒಡತಿ. ಸೇತುವೆ ಬೀಳುವುದಕ್ಕೆ ಎರಡು ವರ್ಷ ಮುಂಚೆ ಅವರ ಮಗಳು ಆಯ್ತಪ್ಪನ ಕೈ ಹಿಡಿದಿದ್ದಳು. ಆ ದಡದಿಂದ ಈ ದಡಕ್ಕೆ ನಡೆದುಕೊಂಡು ಬಂದ ಕೊನೆಯ ಸೊಸೆ ಅವಳೇ. ನಲವತ್ತು ವರ್ಷ ಗಿರಣಿಯ ಸದ್ದಿನ ಮೇಲೆ ಮಾತಾಡಿದ ಗಂಟಲು ಅತ್ತೆಯದು. ಗುಟ್ಟನ್ನೂ ಅವರು ಕೂಗಿಯೇ ಹೇಳುವುದು.

"ಅಳಿಯಂದ್ರೇ! ಗುಟ್ಟಿನ ವಿಷಯ! ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?"

ಪಕ್ಕದ ಕ್ಷೌರದ ಅಂಗಡಿಯವನು ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚುತ್ತ ಕತ್ತು ಇತ್ತ ತಿರುಗಿಸಿದ. ಆಯ್ತಪ್ಪ ಫೋನನ್ನು ಕಿವಿಯೊಳಗೆ ತುರುಕುವಷ್ಟು ಒತ್ತಿಕೊಂಡ.

"ಇಲ್ಲ ಅತ್ತೆ, ಹೇಳಿ."

"ನಮ್ಮ ಕೈ ಎರಡು ಬೆರಳು ಮೇಲಿರಬೇಕು! ಆ ಮೇಷ್ಟ್ರ ಮುಂದೆ ನಾವು ಕೈಯೊಡ್ಡಿಕೊಂಡು ನಿಂತ ಹಾಗೆ ಕಾಣಬಾರದು! ನಿಮಗೆ ಹೆಣ್ಣು ಕೊಟ್ಟವರು ನಾವು. ಕೊಟ್ಟವರ ಕೈ ಕೆಳಗಿರುತ್ತಾ? ನೀವೇ ಹೇಳಿ!"

"ಇಲ್ಲ ಅತ್ತೆ. ಆಯ್ತು ಅತ್ತೆ."

ಫೋನಿಟ್ಟ ಮೇಲೆ ಆಯ್ತಪ್ಪ ಅರ್ಧ ಗಂಟೆ ಸುತ್ತಿಗೆಯನ್ನು ಸುಮ್ಮನೆ ತಿರುಗಿಸುತ್ತ ಕೂತ. ಆಮೇಲೆ ಇದ್ದಕ್ಕಿದ್ದಂತೆ ತಲೆಯಲ್ಲಿ ದೀಪ ಹತ್ತಿತು. ಈಚೆಯ ಕೈ ಎರಡು ಬೆರಳು ಎತ್ತಿದರೆ ಮೇಷ್ಟ್ರಿಗೆ ಕೊಟ್ಟ ಮಾತು ಉಳಿಯಿತು. ಆಚೆಯ ಕೈಯನ್ನೂ ಎರಡು ಬೆರಳು ಎತ್ತಿದರೆ ಅತ್ತೆಗೆ ಕೊಟ್ಟ ಮಾತೂ ಉಳಿಯಿತು. ಎರಡೂ ಸಮ. ಯಾರೂ ಸೋಲಲಿಲ್ಲ! ತಾನು ಇಷ್ಟು ಬುದ್ಧಿವಂತ ಎಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಶಿಲ್ಪಿ ಮೇಡಂ ಮತ್ತು ಪುರಸಭೆಯ ಆಳುಗಳು ಊಟಕ್ಕೆ ಹೋದದ್ದೇ ತಡ, ಆಯ್ತಪ್ಪ ಸೊಂಟಕ್ಕೆ ಸ್ಪ್ಯಾನರ್ ಸಿಕ್ಕಿಸಿ, ಕಬ್ಬಿಣದ ತೋಳಿನ ಮೇಲೆ ಹಲ್ಲಿಯಂತೆ ತೆವಳಿಕೊಂಡು ಹೋದ. ಎರಡೂ ಅಂಗೈಗಳನ್ನು ಕೊಡಕ್ಕೆ ಒಂದೊಂದು ಬೋಲ್ಟಿನಿಂದ ಬಿಗಿದಿದ್ದರು. ನಟ್ಟುಗಳು ಕೊಡದ ಒಳಗಿದ್ದವು. ಕೊಡದ ಬಾಯಿಗೆ ಭುಜದವರೆಗೆ ಕೈ ಇಳಿಬಿಟ್ಟು ಈಚೆಯ ನಟ್ಟು ಸಡಿಲಿಸಿದ. ಹೊರಗಿನಿಂದ ಅಂಗೈಯನ್ನು ಎರಡು ಬೆರಳು ಜಾರಿಸಿದ. ಮತ್ತೆ ಬಿಗಿ ಮಾಡಿದ. ಹೂವಿನ ಹಾಗೆ ಕೆಲಸ ಮುಗಿಯಿತು.

ಆಚೆಯ ನಟ್ಟು ಹಾಗಲ್ಲ. ಅದು ಆಚೆಯವರ ಹಾಗೇ ಬಿಗಿಯಾಗಿತ್ತು. ಶಕ್ತಿಯೆಲ್ಲ ಹಾಕಿ ತಿರುಗಿಸಿದಾಗ ಸಡಿಲವಾಗುವ ಬದಲು ಪೂರ್ತಿ ಕಳಚಿ ಅವನ ಮುಷ್ಟಿಗೆ ಬಂದುಬಿಟ್ಟಿತು. ಸ್ಪ್ಯಾನರ್ ಠಣ್ ಎಂದು ಕೊಡದ ತಳ ಸೇರಿತು. ಬೋಲ್ಟು ಅರ್ಧ ಹೊರಕ್ಕೆ ಜಾರಿತು. ಕೊಡ ಒಂದು ಸಲ ಆಚೆಗೆ ವಾಲಿತು. ಆಯ್ತಪ್ಪ ಬೋಲ್ಟಿನ ತುದಿಯನ್ನೂ ನಟ್ಟನ್ನೂ ಸೇರಿಸಿ ಮುಷ್ಟಿ ಬಿಗಿದು ಹಿಡಿದುಕೊಂಡ. ಮುಷ್ಟಿ ಬಿಟ್ಟರೆ ಕೊಡ ಕಾಲುವೆ ಪಾಲು. ಬಿಡದಿದ್ದರೆ ಕೈ ಬರುವುದಿಲ್ಲ. ಹೊರಗಿನಿಂದ ಯಾರಾದರೂ ಬೋಲ್ಟನ್ನು ಒತ್ತಿ ಹಿಡಿದರೆ ಒಳಗಿನಿಂದ ನಟ್ಟು ತಿರುಗಿಸಬಹುದು. ಆದರೆ ಯಾರನ್ನು ಕರೆಯುವುದು? ಈಚೆಯವರನ್ನು ಕರೆದರೆ, ಆಚೆಯ ಕೈಗೆ ನಿನಗೇನೋ ಕೆಲಸ ಎನ್ನುತ್ತಾರೆ. ಆಚೆಯವರನ್ನು ಕರೆದರೆ, ಈಚೆಯ ಕೈ ಯಾಕೆ ಏರಿತು ಎನ್ನುತ್ತಾರೆ.

ಅಷ್ಟರಲ್ಲಿ ಕೆಳಗೆ ಮಾತು ಕೇಳಿಸಿತು. ಪುರಸಭೆಯ ಆಳುಗಳು ಊಟ ಮುಗಿಸಿ ಬಂದಿದ್ದರು. ಆಯ್ತಪ್ಪ ಕೊಡದ ಹಿಂದೆ ತಲೆ ತಗ್ಗಿಸಿ ಉಸಿರು ಹಿಡಿದ. ಅವರು ಹೋಗಲಿ, ಆಮೇಲೆ ಏನಾದರೂ ಮಾಡೋಣ ಎಂದುಕೊಂಡ. ಅವರು ಹೋಗಲಿಲ್ಲ. ಎರಡೂ ದಡದಿಂದ ಹಗ್ಗ ಎಳೆದು, ದೊಡ್ಡದೊಂದು ಬಿಳಿ ಪರದೆಯನ್ನು ಶಿಲ್ಪದ ಮೇಲೆ ಹೊದಿಸಿಬಿಟ್ಟರು. ಶಿಲ್ಪದ ಜೊತೆಗೆ ಆಯ್ತಪ್ಪನನ್ನೂ.

ಈಗ ಕೂಗೋಣ ಎಂದು ಬಾಯಿ ತೆರೆದ. ಅದೇ ಹೊತ್ತಿಗೆ ಮೈಕಿನವನು "ಹಲೋ, ಹಲೋ, ಒಂದು, ಎರಡು, ಮೂರು" ಎಂದು ಶುರು ಮಾಡಿದ. ಆ ಪುಣ್ಯಾತ್ಮನಿಗೆ ಮೂರರ ಮುಂದಿನ ಎಣಿಕೆ ಬರುತ್ತಿರಲಿಲ್ಲ. ಎರಡು ಗಂಟೆ ಹೊತ್ತು ಅಷ್ಟನ್ನೇ ಎಣಿಸಿದ. ಪರದೆಯೊಳಗೆ ಆಯ್ತಪ್ಪ ಇಡ್ಲಿಯಂತೆ ಬೆಂದ.

ಮೈಕು ನಿಂತಾಗ ಹೊರಗೆ ಜನ ನೆರೆದಿದ್ದರು. ಈಚೆ ದಡದಲ್ಲಿ ಮೇಷ್ಟ್ರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. "ನೋಡ್ತಾ ಇರಿ. ಪರದೆ ಬೀಳಲಿ. ನಾನೇನೂ ಈಗ ಹೇಳಲ್ಲ." ಆಚೆ ದಡದಿಂದ ಅತ್ತೆಯ ಗುಟ್ಟು ಕಾಲುವೆ ದಾಟಿ ಬರುತ್ತಿತ್ತು. "ನಮ್ಮ ಅಳಿಯಂದ್ರು ಇದ್ದಾರಲ್ಲ, ಚಿನ್ನ! ಒಂದು ಮಾತು ಹೇಳಿದ್ದೀನಿ, ಅಷ್ಟೇ!"

ದೊಡ್ಡ ಸಾಹೇಬರು ಬಂದರು. ವಯಸ್ಸಾದ, ಮೃದು ಮಾತಿನ ಮನುಷ್ಯ. ಅವಸರದಲ್ಲಿ ಕನ್ನಡಕವನ್ನು ಕಾರಿನಲ್ಲೇ ಬಿಟ್ಟುಬಂದಿದ್ದರು. ಅವರು ಕರವಸ್ತ್ರ ಬೀಸಿದಾಗ ಎರಡೂ ದಡದವರು ಒಟ್ಟಿಗೆ ಹಗ್ಗ ಎಳೆಯಬೇಕು ಎಂದು ಏರ್ಪಾಡಾಗಿತ್ತು. ಆಚೆಯವರು ಮೊದಲು ಎಳೆದುಬಿಟ್ಟಾರು ಎಂದು ಈಚೆಯವರು ಕರವಸ್ತ್ರ ಜೇಬಿನಲ್ಲಿರುವಾಗಲೇ ಎಳೆದರು. ಈಚೆಯವರ ಕೈ ಅಲ್ಲಾಡಿದ್ದು ನೋಡಿ ಆಚೆಯವರೂ ಎಳೆದರು. ಪರದೆ ನಡುವೆ ಪರ್‍ರೆಂದು ಹರಿದು ಎರಡು ತುಂಡಾಗಿ ಎರಡು ದಡಕ್ಕೆ ಹೋಯಿತು.

ಎರಡು ಕಬ್ಬಿಣದ ಕೈಗಳ ನಡುವೆ, ಕೊಡವನ್ನು ತಬ್ಬಿಕೊಂಡು, ಬೆವರಿನಲ್ಲಿ ತೊಯ್ದು, ಕಣ್ಣು ಮುಚ್ಚಿ ಆಯ್ತಪ್ಪ ಮಲಗಿದ್ದ.

ದೊಡ್ಡ ಸಾಹೇಬರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಮೈಕಿನ ಮುಂದೆ ಬಾಗಿದರು.

"ಅದ್ಭುತ! ಕೈಗಳು ಚೆನ್ನಾಗಿವೆ, ಆದರೆ ನಡುವೆ ಮಲಗಿರೋ ಆ ಮನುಷ್ಯನ ಆಕೃತಿ ಇದೆಯಲ್ಲ, ಅದು ಶಿಲ್ಪದ ಆತ್ಮ. ಆ ಮುಖದಲ್ಲಿ ಎಷ್ಟು ನೋವು! ಎರಡು ದಡದ ನಡುವೆ ಸಿಕ್ಕಿಕೊಂಡ ಬಡಪಾಯಿಯನ್ನ ಕಲಾವಿದೆ ಎಷ್ಟು ಸಹಜವಾಗಿ..."

ಶಿಲ್ಪದ ಆತ್ಮ ಸೀನಿತು.

ಹತ್ತಿರದಲ್ಲೇ ಇದ್ದ ಮೈಕು ಆ ಸೀನನ್ನು ಊರಿಗೆಲ್ಲ ಹಂಚಿತು. ಸಾಹೇಬರು ಎರಡು ಹೆಜ್ಜೆ ಹಿಂದೆ ಹೋಗಿ ಶಿಲ್ಪಿ ಮೇಡಂ ಕಾಲು ತುಳಿದರು. ಜನರ ಗುಂಪಿನಿಂದ ಹೆಣ್ಣು ದನಿಯೊಂದು ಮೇಲೆದ್ದಿತು.

"ಅಯ್ಯೋ, ಅದು ನಮ್ಮ ಮನೆಯವರು!"

ಆಯ್ತಪ್ಪನ ಹೆಂಡತಿ ಯಾರ ಮಾತೂ ಕೇಳದೆ ಮೆಟ್ಟಿಲಿಳಿದು ನೀರಿಗೇ ಕಾಲಿಟ್ಟಳು. ಕಾಲುವೆಯಲ್ಲಿ ಎದೆಮಟ್ಟದ ನೀರು, ಅದರಡಿ ಮೊಣಕಾಲುದ್ದ ಕೆಸರು. ಹೋಗಿ ಕಂಬಕ್ಕೆ ಒರಗಿ ನಿಂತು ಮೇಲೆ ನೋಡಿದಳು.

"ರೀ, ಬೆಳಗ್ಗೆ ತಿಂಡಿ ತಿಂದು ಹೋದವರು ಮಧ್ಯಾಹ್ನ ಊಟಕ್ಕೆ ಬರಲಿಲ್ಲ ಅಂತ ಊರೆಲ್ಲ ಹುಡುಕಿದೆ. ಇಲ್ಲೇನು ಮಾಡ್ತಿದ್ದೀರಿ?"

"ಕೈ ಸಿಕ್ಕಿಕೊಂಡಿದೆ ಕಣೇ."

"ಅದು ಕಾಣ್ತಿದೆ. ಊಟ ಆಯ್ತಾ?"

ಆಯ್ತಪ್ಪನಿಗೆ ಅಳು ಬಂತು. ಮೂರು ಗಂಟೆ ಹೊತ್ತಿನಿಂದ ಯಾರೂ ಅವನನ್ನು ಮನುಷ್ಯ ಎಂದುಕೊಂಡಿರಲಿಲ್ಲ.

ಆಗ ಎರಡೂ ದಡಗಳು ಎಚ್ಚೆತ್ತವು. ಕ್ಷೌರದವನು ಸೋಪಿನ ಬಟ್ಟಲು, ಕುಂಚ ಹಿಡಿದು ಓಡಿ ಬಂದ. ಗಿರಣಿಯ ಆಳುಗಳು ಗ್ರೀಸಿನ ಡಬ್ಬಿ ತಂದರು. ಈಚೆಯವರು ಶಾಲೆಯ ಏಣಿ ತಂದರು, ಅದು ದಡದಿಂದ ಕಂಬದವರೆಗೆ ಮಾತ್ರ ಬಂತು. ಆಚೆಯವರು ಗಿರಣಿಯ ಏಣಿ ತಂದರು, ಅದೂ ಕಂಬದವರೆಗೆ ಮಾತ್ರ. ಒಂದೊಂದೇ ಇಟ್ಟರೆ ಏಣಿ ಕಂಬದ ಮೇಲೆ ನಿಲ್ಲದೆ ಜಾರುತ್ತಿತ್ತು. ಎರಡನ್ನೂ ಕಂಬದ ಮೇಲೆ ಜೋಡಿಸಿ ಕಟ್ಟಿದರಷ್ಟೇ ನಿಲ್ಲುವುದು. ಇದು ಎಲ್ಲರಿಗೂ ಗೊತ್ತಾಯಿತು, ಆದರೆ ಯಾರೂ ಬಾಯಿ ಬಿಡಲಿಲ್ಲ.

ಅತ್ತೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಆಚೆಯಿಂದ ನೀರಿಗಿಳಿದರು. ಅದನ್ನು ನೋಡಿ ಮೇಷ್ಟ್ರು ಛತ್ರಿಯನ್ನು ಕ್ಷೌರದವನ ಕೈಗೆ ಕೊಟ್ಟು ಈಚೆಯಿಂದ ಇಳಿದರು. ಕಂಬದ ಹತ್ತಿರ ಇಬ್ಬರೂ ಎದುರುಬದುರಾದರು. ಇಬ್ಬರ ಹೆಗಲ ಮೇಲೂ ಒಂದೊಂದು ಏಣಿಯ ತುದಿ. ಆಕಾಶ ನೋಡೋಣವೆಂದರೆ ಏಣಿ ಅಡ್ಡ.

ಹನ್ನೆರಡು ವರ್ಷದ ನಂತರ ಮೊದಲ ಮಾತು ಬಂದದ್ದು ಅತ್ತೆಯ ಬಾಯಿಂದ.

"ಹಗ್ಗ ಹಿಡೀರಿ."

"ಹಿಡಿದೆ. ನೀವು ಗಂಟು ಹಾಕಿ," ಎಂದರು ಮೇಷ್ಟ್ರು.

ಏಣಿಗಳು ಒಂದಾದವು. ಅದರ ಮೇಲೆ ಕ್ಷೌರದವನು ಹತ್ತಿ ಹೋಗಿ, ಆಯ್ತಪ್ಪನ ತೋಳಿಗೆ ಭುಜದವರೆಗೆ ನೊರೆ ಹಚ್ಚಿದ. ಅಭ್ಯಾಸಬಲದಿಂದ ಗಲ್ಲಕ್ಕೂ ಸ್ವಲ್ಪ ಹಚ್ಚಿದ. ಆಚೆಯಿಂದ ಗಿರಣಿಯ ಆಳು ಬಂದು ನೊರೆಯ ಮೇಲೆ ಗ್ರೀಸು ಬಳಿದ. ಇಬ್ಬರೂ ಸೇರಿ ಎಳೆದರು. ಕೈ ಬರಲಿಲ್ಲ. ಕೊಡ ಕಿರ್‍ರೆಂದಿತು.

"ಎಳೀಬೇಡಿ, ಎಳೀಬೇಡಿ!" ಎಂದು ಆಯ್ತಪ್ಪ ಕೂಗಿದ.

"ಕೊಡ ಕತ್ತರಿಸಿಬಿಡೋಣ," ಎಂದರು ಶಿಲ್ಪಿ ಮೇಡಂ. ಒಂದು ವರ್ಷ ಬಡಿದು ಮಾಡಿದ ಕೊಡ. "ಮನುಷ್ಯರಿಗಿಂತ ಅದು ದೊಡ್ಡದಲ್ಲ."

ಆ ಮಾತು ಆಯ್ತಪ್ಪನಿಗೆ ಮುಳ್ಳಿನ ಹಾಗೆ ಚುಚ್ಚಿತು. ಕೆಳಗಿನಿಂದ ಹೆಂಡತಿ ನಿಧಾನವಾಗಿ ಕೇಳಿದಳು.

"ರೀ, ನಿಜ ಹೇಳಿ. ಮುಷ್ಟೀಲಿ ಏನಿದೆ? ನೀವು ಬಿಡಿಸಿಕೊಳ್ಳೋಕೆ ನೋಡ್ತಿಲ್ಲ. ಏನನ್ನೋ ಹಿಡ್ಕೊಂಡಿದ್ದೀರಿ."

ಹದಿನಾಲ್ಕು ವರ್ಷ ಸಂಸಾರ ಮಾಡಿದವಳು. ಅವಳ ಮುಂದೆ ಸುಳ್ಳು ನಿಲ್ಲುವ ಹಾಗಿರಲಿಲ್ಲ. ಆಯ್ತಪ್ಪ ಒಮ್ಮೆ ಮೇಷ್ಟ್ರನ್ನು ನೋಡಿದ, ಒಮ್ಮೆ ಅತ್ತೆಯನ್ನು ನೋಡಿದ.

"ನಟ್ಟು," ಎಂದ. "ಮೇಷ್ಟ್ರು ತಮ್ಮ ಕೈ ಎರಡು ಬೆರಳು ಎತ್ತು ಅಂದರು. ಆಯ್ತು ಅಂದೆ. ಅತ್ತೆ ಅವರ ಕೈ ಎರಡು ಬೆರಳು ಎತ್ತಿ ಅಂದರು. ಅದಕ್ಕೂ ಆಯ್ತು ಅಂದೆ. ಇಬ್ಬರಿಗೂ ಇಲ್ಲ ಅನ್ನೋಕೆ ಆಗಲಿಲ್ಲ. ಅದಕ್ಕೇ ಎರಡನ್ನೂ ಎತ್ತೋಕೆ ಬಂದೆ. ಈ ನಟ್ಟು ಕಳಚಿಬಿಡ್ತು. ನಾನು ಮುಷ್ಟಿ ಬಿಟ್ಟರೆ ಕೊಡ ಬೀಳುತ್ತೆ. ಹೊರಗಿಂದ ಯಾರಾದರೂ ಆಚೆ ಕೈನ ಎತ್ತಿ ಹಿಡಿದು ಬೋಲ್ಟು ಒತ್ತಿದರೆ, ನಾನು ಒಳಗಿಂದ ತಿರುಗಿಸ್ತೀನಿ. ಆಮೇಲೆ ನೀವು ಹೊಡೀರಿ, ಬೈರಿ, ಏನಾದರೂ ಮಾಡಿ."

ಮೇಷ್ಟ್ರ ಮುಖ ಕೆಂಪಾಯಿತು. ಅತ್ತೆಯ ಮುಖವೂ ಕೆಂಪಾಯಿತು. ಕಳ್ಳರಿಬ್ಬರು ಒಂದೇ ಮನೆಗೆ ಕನ್ನ ಹಾಕಲು ಹೋಗಿ ಕಿಟಕಿಯಲ್ಲಿ ಡಿಕ್ಕಿ ಹೊಡೆದ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡರು.

"ನೀವೂನಾ?" ಎಂದರು ಅತ್ತೆ.

"ನೀವೂನಾ?" ಎಂದರು ಮೇಷ್ಟ್ರು.

ಅತ್ತೆಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. ಆ ನಗುವೂ ಗಿರಣಿಯ ಸದ್ದನ್ನು ಮೀರಿಸುವಂಥದು. ಮೇಷ್ಟ್ರ ಹೊಟ್ಟೆ ನೀರಿನೊಳಗೇ ಕುಲುಕಾಡಿತು. ಎರಡು ದಡಗಳೂ ನಕ್ಕವು. ನಗುತ್ತಲೇ ಮೇಷ್ಟ್ರು ಏಣಿ ಹತ್ತಿ ಆಚೆಯ ಕಬ್ಬಿಣದ ಅಂಗೈಗೆ ಹೆಗಲು ಕೊಟ್ಟರು. ಅತ್ತೆಯೂ ಹತ್ತಿ ಪಕ್ಕದಲ್ಲಿ ನಿಂತು ಎರಡೂ ಹೆಬ್ಬೆರಳಿನಿಂದ ಬೋಲ್ಟು ಒತ್ತಿದರು. "ಇನ್ನೂ ಸ್ವಲ್ಪ, ಇನ್ನೊಂಚೂರು ಎತ್ತಿ ಸಾರ್," ಎನ್ನುತ್ತ ಆಯ್ತಪ್ಪ ನಟ್ಟು ತಿರುಗಿಸಿದ. ಅದು ಬಿಗಿಯಾಯಿತು. ಮುಷ್ಟಿ ಬಿಚ್ಚಿದ. ಸೋಪು, ಗ್ರೀಸು, ಬೆವರು ಎಲ್ಲ ಸೇರಿ ಕೈ ಸುಳಕ್ ಎಂದು ಹೊರಗೆ ಬಂದ ರಭಸಕ್ಕೆ ಆಯ್ತಪ್ಪ ಹಿಂದಕ್ಕೆ ಉರುಳಿ ಹೆಂಡತಿಯ ಪಕ್ಕದಲ್ಲೇ ನೀರಿಗೆ ಬಿದ್ದ. ಜನ ಚಪ್ಪಾಳೆ ತಟ್ಟಿದರು. ದೊಡ್ಡ ಸಾಹೇಬರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅಷ್ಟರಲ್ಲಿ ಯಾರೋ ಅವರ ಕನ್ನಡಕ ತಂದುಕೊಟ್ಟಿದ್ದರು.

ಆಮೇಲೆ ಏಣಿಯನ್ನು ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ. ಅದರ ಮೇಲೆ ಯಾರೋ ಎರಡು ಹಲಗೆ ಹಾಸಿದರು. ಆಚೆಯಿಂದ ಚಹಾದ ಪಾತ್ರೆ ಬಂತು, ಈಚೆಯ ದಡಕ್ಕೆ ಶಾಲೆಯ ಬೆಂಚುಗಳು ಬಂದವು. ಹನ್ನೆರಡು ವರ್ಷದಲ್ಲಿ ಹುಟ್ಟಿದ ಮಕ್ಕಳನ್ನು ಈಚೆಯವರು ಆಚೆಯವರಿಗೆ ತೋರಿಸಿದರು. ಸತ್ತವರ ಸುದ್ದಿ ಕೇಳಿ ಆಚೆಯವರು ಈಚೆಯವರ ಕೈ ಹಿಡಿದುಕೊಂಡರು. ಆಯ್ತಪ್ಪನ ಊದಿಕೊಂಡ ಕೈಯನ್ನು ಹೆಂಡತಿ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ದಾರಿಯಲ್ಲಿ ಹೋಗುವವರೆಲ್ಲ ಅವನ ತಲೆ ಸವರಿ, "ನಿನ್ನಿಂದ ಆಯ್ತಪ್ಪಾ ಇದು" ಎಂದು ಹೋಗುತ್ತಿದ್ದರು. ಆ ಬೆಂಚಿನ ಮೇಲೆ ಕೂತು, ಒದ್ದೆ ಅಂಗಿಯಲ್ಲಿ ಬಿಸಿ ಚಹಾ ಕುಡಿಯುತ್ತ, ಅವನಿಗೆ ಎಲ್ಲರ ಮೇಲೂ ಪ್ರೀತಿ ಉಕ್ಕಿತು. ಕಳಚಿದ ನಟ್ಟಿನ ಮೇಲೂ.

ಎದುರಿನ ಬೆಂಚಿನಲ್ಲಿ ಮೇಷ್ಟ್ರು, ಅತ್ತೆ ಕೂತಿದ್ದರು. ಮೇಷ್ಟ್ರು ಲೋಟವನ್ನು ಕೆಳಗಿಟ್ಟು ಗಂಟಲು ಸರಿಪಡಿಸಿಕೊಂಡರು.

"ಒಂದು ಮಾತು ಹನ್ನೆರಡು ವರ್ಷದಿಂದ ಹೊಟ್ಟೇಲಿದೆ. ಸೇತುವೆ ಬಿದ್ದ ದಿನ ನನ್ನ ಮೂವತ್ತೊಂದು ಮಕ್ಕಳು ನಿಮ್ಮ ದಡದಲ್ಲಿ ಉಳಿದವು. ನೀವು ಎಲ್ಲರಿಗೂ ಊಟ ಹಾಕಿ, ಅಳ್ತಿದ್ದವರನ್ನ ಸಮಾಧಾನ ಮಾಡಿ, ಒಬ್ಬೊಬ್ಬರನ್ನೇ ಮನೆ ಬಾಗಿಲಿಗೆ ತಲುಪಿಸಿದಿರಿ. ಮಾರನೇ ದಿನ ಬಂದು ಕೈ ಮುಗೀಬೇಕು ಅಂತಿದ್ದೆ. ಅಷ್ಟರೊಳಗೆ ಜಗಳ ಶುರುವಾಗಿತ್ತು. ಕೈ ಮುಗಿದರೆ ಸೋತ ಹಾಗಾಗುತ್ತಲ್ಲ ಅಂತ ಸುಮ್ಮನಾದೆ."

ಅತ್ತೆ ಮಾತಾಡಿದಾಗ ಅವರ ದನಿ ಮೊದಲ ಬಾರಿಗೆ ಸಣ್ಣಗಿತ್ತು.

"ನಮ್ಮ ಯಜಮಾನರು ಗಾಡಿ ಸಮೇತ ನೀರಿಗೆ ಬಿದ್ದಾಗ ಹಾರಿ ಎತ್ತಿದವರು ನಿಮ್ಮ ದೊಡ್ಡ ತರಗತಿ ಮಕ್ಕಳು. ಆಮೇಲೆ ಅವರು ಎಂಟು ವರ್ಷ ಬದುಕಿದರು ಮೇಷ್ಟ್ರೇ. ಮೊಮ್ಮಕ್ಕಳನ್ನ ಎತ್ತಿ ಆಡಿಸಿದರು. ಆ ಎಂಟು ವರ್ಷ ನೀವು ಕೊಟ್ಟಿದ್ದು. ನಾನು ಒಂದು ಮಾತು ಹೇಳಲಿಲ್ಲ."

ಇಬ್ಬರೂ ಕಣ್ಣೊರೆಸಿಕೊಂಡರು. ಸುತ್ತಲಿದ್ದವರೂ ಒರೆಸಿಕೊಂಡರು. ಕ್ಷೌರದವನು ಕೈಗೆ ಸಿಕ್ಕಿದ ಸೋಪಿನ ಬಟ್ಟೆಯಿಂದಲೇ ಒರೆಸಿಕೊಂಡು ಇನ್ನಷ್ಟು ಅತ್ತ.

"ಹಾಗಾದರೆ ನಿಮ್ಮ ಕೈಯೇ ಮೇಲಿರಬೇಕು," ಎಂದರು ಮೇಷ್ಟ್ರು, ಕಾಲುವೆಯ ಕಡೆ ನೋಡಿ. "ಕೊಟ್ಟವರು ನೀವು."

"ಛೆ, ಎಲ್ಲಾದರೂ ಉಂಟಾ! ಕೊಟ್ಟವರು ನೀವು. ನಿಮ್ಮದು ಮೇಲಿರಲಿ."

"ನೋಡಿ, ಮೂವತ್ತೊಂದು ಮಕ್ಕಳಿಗೆ ಅನ್ನ ಹಾಕಿದ ಕೈ ಅದು."

"ಅನ್ನ ಯಾರು ಬೇಕಾದರೂ ಹಾಕ್ತಾರೆ. ಜೀವ ಕೊಟ್ಟೋರು ಯಾರು?"

"ನಾನು ಹೇಳೋದು ಕೇಳಿ."

"ನೀವು ಕೇಳಿ. ಹನ್ನೆರಡು ವರ್ಷ ನಿಮ್ಮ ಹಠ ನೋಡಿದ್ದೀನಿ!"

"ಹಠ ನಂದಾ? ಉಪಕಾರ ಮಾಡಿ ಒಪ್ಪಿಕೊಳ್ಳದೆ ಇರೋದು ಹಠ ಅಲ್ವಾ?"

"ಉಪಕಾರ ಮಾಡಿದ್ದು ನೀವು ಅಂತಿದ್ದೀನಿ, ಕಿವಿ ಕೇಳಿಸಲ್ವಾ ನಿಮಗೆ?"

ಬೆಂಚುಗಳು ತಮ್ಮಷ್ಟಕ್ಕೆ ತಾವೇ ಎರಡು ಗುಂಪಾದವು. ಆಚೆಯವರು ಈಚೆಯವರ ಹಳೆಯ ಉಪಕಾರಗಳನ್ನು ಒಂದೊಂದಾಗಿ ಹೆಕ್ಕಿ ಮುಖಕ್ಕೆ ಎಸೆದರು. ಈಚೆಯವರು ಅದಕ್ಕೆ ಸರಿಸಮನಾದದ್ದನ್ನು ಹುಡುಕಿ ಎಸೆದರು. "ನಮ್ಮಜ್ಜಿಗೆ ಔಷಧಿ ತಂದುಕೊಟ್ಟಿದ್ದು ನಿಮ್ಮಪ್ಪ ಅಲ್ವೇನೋ? ಧೈರ್ಯ ಇದ್ದರೆ ಇಲ್ಲ ಅನ್ನು ನೋಡೋಣ!" ಎಂದು ಒಬ್ಬ ತೋಳೇರಿಸಿದ. ದೊಡ್ಡ ಸಾಹೇಬರು ಮೆಲ್ಲನೆ ಎದ್ದು ಕಾರು ಹತ್ತಿದರು.

ಗಲಾಟೆಯ ನಡುವೆ ಮೇಷ್ಟ್ರು ಆಯ್ತಪ್ಪನ ಭುಜ ಹಿಡಿದು ಅಂಗಡಿಯ ಮರೆಗೆ ಕರೆದೊಯ್ದರು.

"ಆ ಹೆಂಗಸಿನ ಹತ್ತಿರ ಮಾತು ಪ್ರಯೋಜನವಿಲ್ಲ. ಕತ್ತಲಾಗೋದರೊಳಗೆ ಹೋಗಿ ನಮ್ಮ ಕೈ ಎರಡು ಬೆರಳು ಕೆಳಗಿಳಿಸಿಬಿಡು. ಇಷ್ಟು ದಿನ ಋಣ ಹೊತ್ತಿದ್ದು ಸಾಕು ಕಣೋ. ನಿನ್ನ ಮೇಷ್ಟ್ರು ನೆಮ್ಮದಿಯಾಗಿ ಸಾಯ್ಲಿ."

ಅವರು ಅತ್ತ ಹೋದರು. ಇತ್ತಲಿಂದ ಅತ್ತೆ ಬಂದರು.

"ಅಳಿಯಂದ್ರೇ! ಗುಟ್ಟಿನ ವಿಷಯ! ನಮ್ಮ ಕೈ ಎರಡು ಬೆರಳು ಕೆಳಗಿಳಿಸಿ! ನಿಮ್ಮ ಮಾವನವರ ಆತ್ಮಕ್ಕೆ ಶಾಂತಿ ಸಿಗುತ್ತೆ! ಆ ಮೇಷ್ಟ್ರಿಗೆ ಮಾತ್ರ ಹೇಳಬೇಡಿ!"

ಆಯ್ತಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಈಚೆಯದು ಎರಡು ಬೆರಳು ಕೆಳಗೆ. ಆಚೆಯದೂ ಎರಡು ಬೆರಳು ಕೆಳಗೆ. ಪಕ್ಕದಲ್ಲಿ ಶಿಲ್ಪಿ ಮೇಡಂ ಪೆನ್ಸಿಲ್ ಕಚ್ಚಿಕೊಂಡು ನಿಂತಿದ್ದರು. ಅತ್ತೆಯ ಗುಟ್ಟು ಅವರಿಗೂ ಕೇಳಿಸಿತ್ತು. ಮೇಷ್ಟ್ರದ್ದನ್ನು ಅವರೇ ಊಹಿಸಿಕೊಂಡಿದ್ದರು.

"ಅಂದರೆ, ಬೆಳಗ್ಗೆ ನಾನು ಎಲ್ಲಿಟ್ಟಿದ್ದೆನೋ ಅಲ್ಲಿಗೇ," ಎಂದರು ಅವರು.

"ಹೌದು ಮೇಡಂ."

"ತುಂಬ ಉಪಕಾರವಾಯಿತು ನಿಮ್ಮಿಂದ," ಎಂದು ಮೇಡಂ ನಿಜವಾಗಿಯೂ ಕೈ ಮುಗಿದರು.

ಹೆಂಡತಿ ಬಂದಳು. ಯಾರೂ ಅವಳಿಗೆ ಏನೂ ಹೇಳಬೇಕಾಗಲಿಲ್ಲ. ಗಂಡನ ಮುಖ ನೋಡಿದಳು, ಕಾಲುವೆಯ ಮೇಲಿನ ಕೊಡ ನೋಡಿದಳು. ಒಳಗೆ ಹೋಗಿ ಬೇರೊಂದು ಸ್ಪ್ಯಾನರ್ ಹುಡುಕಿ ತಂದಳು. ಅವನ ಊದಿದ ಕೈಯನ್ನು ಎತ್ತಿ, ಅಂಗಿಯ ತೋಳನ್ನು ಭುಜದವರೆಗೆ ಅಚ್ಚುಕಟ್ಟಾಗಿ ಮಡಿಸಿದಳು.

"ರಾತ್ರಿ ಊಟ ಮನೇಲೋ, ಮೇಲೆ ಅಲ್ಲಿಗೇ ತರಲೋ? ಈಗಲೇ ಹೇಳಿಬಿಡಿ," ಎಂದಳು.